ತಿಳಿನೀರು ಅಂದ್ರೆ ಶುದ್ಧ ನೀರಾ? ಮಣ್ಣು–ಮರಳಿನೊಳಗೆ ಕಣ್ಣಿಗೆ ಕಾಣದ ಕಣಗಳ ಪಯಣ

(ಈ ವಾರದ ವಿಜ್ಞಾನ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

 

ಊರಿನ ಹಿರಿಯರ ಬಾಯಲ್ಲಿ ಈ ಮಾತು ನೀವು ಕೇಳೇ ಇರ್ತೀರಿ. "ನೆಲದ ನೀರು ಕಣಪ್ಪಾ, ಮಣ್ಣೇ ಸೋಸಿ ಕೊಟ್ಟಿರುತ್ತೆ, ಧೈರ್ಯವಾಗಿ ಕುಡಿ." ಈ ಮಾತು ಪೂರ್ತಿ ಸುಳ್ಳಲ್ಲ. ಮಣ್ಣು ನಿಜವಾಗಿಯೂ ಸೋಸುತ್ತೆ. ಎಷ್ಟು ಚೆನ್ನಾಗಿ ಸೋಸುತ್ತೆ ಅಂದ್ರೆ, ಒಂದು ಕಾಲದಲ್ಲಿ ಬರೀ ಮರಳು ಒಂದಿಡೀ ಊರನ್ನ ಕಾಲರಾದಿಂದ ಉಳಿಸಿದೆ. ಆ ಕತೆ ಇವತ್ತು ಹೇಳ್ತೀನಿ. ಆದರೆ ಅದೇ ಮಣ್ಣು ಕೆಲವು ಸಲ ಏನನ್ನೂ ಹಿಡಿಯದೆ ಬಿಟ್ಟುಬಿಡುತ್ತೆ. ಇನ್ನೂ ವಿಚಿತ್ರ ಅಂದ್ರೆ, ತಿಂಗಳುಗಟ್ಟಲೆ ಹಿಡಿದಿಟ್ಟುಕೊಂಡದ್ದನ್ನ ಒಂದೇ ಮಳೆಗೆ ವಾಪಸ್ ನೀರಿಗೆ ಬಿಡುತ್ತೆ. ಯಾವಾಗ ಹಿಡಿಯುತ್ತೆ, ಯಾವಾಗ ಬಿಡುತ್ತೆ? ಇವತ್ತಿನ ಸಂಚಿಕೆ ಪೂರ್ತಿ ಈ ಒಂದು ಪ್ರಶ್ನೆ ಮೇಲೆ.

ಮೊದಲು ತಲೆಯಿಂದ ಒಂದು ಚಿತ್ರ ತೆಗೆದುಹಾಕಬೇಕು. ಮಣ್ಣು ಸೋಸುತ್ತೆ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರೋದು ಟೀ ಸೋಸುವ ಜಾಲರಿ. ತೂತು ಚಿಕ್ಕದು, ಟೀ ಪುಡಿ ದೊಡ್ಡದು, ಹಾಗಾಗಿ ಪುಡಿ ಮೇಲೇ ಉಳೀತು. ಮರಳೂ ಹಾಗೇ ಕೆಲಸ ಮಾಡುತ್ತೆ ಅಂತ ಅಂದ್ಕೊಂಡಿದ್ದರೆ, ಸ್ವಲ್ಪ ಲೆಕ್ಕ ನೋಡೋಣ.

ನುಣ್ಣನೆಯ ಮರಳಿನ ಒಂದು ಕಾಳು ಸುಮಾರು 0.3 ಮಿಲಿಮೀಟರ್ ಅಂತ ಇಟ್ಕೊಳ್ಳಿ. ಕಾಳು ಕಾಳುಗಳ ನಡುವೆ ಇರುವ ಸಂದಿಯ ಅತಿ ಕಿರಿದಾದ ಜಾಗವೇ ಹೆಚ್ಚುಕಮ್ಮಿ 50 ಮೈಕ್ರಾನ್ ಇರುತ್ತೆ. ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಈಗ, ಹೊಟ್ಟೆ ಕೆಡಿಸುವ ಇ. ಕೋಲೈ ಥರದ ಬ್ಯಾಕ್ಟೀರಿಯಾ ಎಷ್ಟಿರುತ್ತೆ? ಒಂದೆರಡು ಮೈಕ್ರಾನ್. ನಾಲ್ಕಡಿ ಅಗಲದ ಬಾಗಿಲಲ್ಲಿ ಒಂದು ದುಂಬಿ ಹಾರಿ ಹೋದ ಹಾಗೆ. ಬಾಗಿಲಿಗೆ ಅದು ಬಂದದ್ದೂ ಗೊತ್ತಾಗಲ್ಲ, ಹೋದದ್ದೂ ಗೊತ್ತಾಗಲ್ಲ. ಇನ್ನು ಪೋಲಿಯೋ ವೈರಸ್ ತಗೊಳ್ಳಿ. ಅದು ಸುಮಾರು 30 ನ್ಯಾನೋಮೀಟರ್, ಬ್ಯಾಕ್ಟೀರಿಯಾಕ್ಕಿಂತ ಮೂವತ್ತು–ನಲವತ್ತು ಪಟ್ಟು ಚಿಕ್ಕದು. ಅದೇ ನಾಲ್ಕಡಿ ಬಾಗಿಲಿಗೆ ಹೋಲಿಸಿದರೆ ಉಪ್ಪಿಟ್ಟಿನ ರವೆಯ ಒಂದು ಕಾಳು, ಅಷ್ಟೇ.

ಅಂದ್ರೆ ಮರಳು ಜರಡಿ ಅಲ್ಲ. ದೊಡ್ಡ ಕಸ, ಹುಳ, ಪಾಚಿಯ ಎಳೆ ಇಂಥವುಗಳಿಗೆ ಅದು ಜರಡಿ ಆಗಬಹುದು. ರೋಗ ತರುವ ಕಣಗಳ ಪಾಲಿಗೆ ಅದು ವಿಶಾಲವಾದ ತೆರೆದ ಬಾಗಿಲು. ಆದರೂ ಮರಳು ಅವುಗಳನ್ನ ಹಿಡಿಯುತ್ತೆ. ಹೇಗೆ?

ಹೇಗೆ ಅನ್ನೋದಕ್ಕಿಂತ ಮುಂಚೆ, ಹಿಡಿಯುತ್ತೆ ಅನ್ನೋದಕ್ಕೆ ಸಾಕ್ಷಿ ನೋಡೋಣ. ಜರ್ಮನಿಗೆ ಹೋಗೋಣ, 1892ಕ್ಕೆ.

ಎಲ್ಬೆ ನದಿ ದಂಡೆಯ ಮೇಲೆ ಅಕ್ಕಪಕ್ಕ ಎರಡು ಊರು. ಒಂದು ಹ್ಯಾಂಬರ್ಗ್, ದೊಡ್ಡ ಬಂದರು. ಅದಕ್ಕೆ ಅಂಟಿಕೊಂಡೇ ಆಲ್ಟೋನಾ. ಈಗ ಆಲ್ಟೋನಾ ಹ್ಯಾಂಬರ್ಗ್ ನಗರದ್ದೇ ಒಂದು ಭಾಗ, ಆಗ ಬೇರೆ ಆಡಳಿತ. ನಡುವೆ ಗೋಡೆ ಇಲ್ಲ, ಕಂದಕ ಇಲ್ಲ. ಕೆಲವು ಕಡೆ ಒಂದೇ ಬೀದಿಯ ಈ ಕಡೆ ಸಾಲು ಹ್ಯಾಂಬರ್ಗ್, ಆ ಕಡೆ ಸಾಲು ಆಲ್ಟೋನಾ. ಹ್ಯಾಂಬರ್ಗ್ ತನ್ನ ಕುಡಿಯುವ ನೀರನ್ನ ನದಿಯ ಮೇಲ್ಭಾಗದಿಂದ ಎತ್ತಿ, ಸೋಸದೆ ನಲ್ಲಿಗೆ ಬಿಡ್ತಿತ್ತು. ಆಲ್ಟೋನಾ ಪರಿಸ್ಥಿತಿ ಇನ್ನೂ ಕೆಟ್ಟದ್ದು. ಅದು ನೀರು ಎತ್ತುತ್ತಿದ್ದದ್ದು ಕೆಳಭಾಗದಲ್ಲಿ, ಅಂದ್ರೆ ಹ್ಯಾಂಬರ್ಗಿನ ಚರಂಡಿ ನೀರೆಲ್ಲ ನದಿಗೆ ಸೇರಿದ ಮೇಲೆ! ಆದರೆ ಆಲ್ಟೋನಾ ಒಂದು ಕೆಲಸ ಮಾಡ್ತಿತ್ತು. ನೀರನ್ನ ದೊಡ್ಡ ದೊಡ್ಡ ಮರಳಿನ ಹಾಸುಗಳ ಮೂಲಕ ನಿಧಾನಕ್ಕೆ ಇಳಿಸಿ ಆಮೇಲೆ ಊರಿಗೆ ಕೊಡ್ತಿತ್ತು.

ಆ ವರ್ಷದ ಆಗಸ್ಟಿನಲ್ಲಿ ಕಾಲರಾ ಬಂತು. ಹ್ಯಾಂಬರ್ಗಿನಲ್ಲಿ ಕೆಲವೇ ವಾರಗಳಲ್ಲಿ ಸತ್ತವರು 8,600ಕ್ಕೂ ಹೆಚ್ಚು. ಆಲ್ಟೋನಾದಲ್ಲಿ ಕೆಲವು ನೂರು ಮಾತ್ರ. ಊರು ಚಿಕ್ಕದು ಅನ್ನೋದನ್ನ ಲೆಕ್ಕಕ್ಕೆ ತಗೊಂಡರೂ ಅಂತರ ಬಹಳ ದೊಡ್ಡದು. ಗಡಿಯ ಬೀದಿಯಲ್ಲಂತೂ ಈ ಸಾಲಿನ ಮನೆಗಳಲ್ಲಿ ಸಾವು, ಎದುರು ಸಾಲಿನಲ್ಲಿ ಬಹುತೇಕ ಏನೂ ಇಲ್ಲ. ಗಾಳಿ ಒಂದೇ, ಮಣ್ಣು ಒಂದೇ, ಬಡತನ ಒಂದೇ. ನಲ್ಲಿ ಮಾತ್ರ ಬೇರೆ. ಕಾಲರಾ ಕೆಟ್ಟ ಗಾಳಿಯಿಂದ ಬರುತ್ತೆ ಅಂತ ಇನ್ನೂ ವಾದ ಮಾಡ್ತಿದ್ದವರಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಿರಲಿಲ್ಲ.

ರಾಬರ್ಟ್ ಕಾಖ್, ಕ್ಷಯ ಮತ್ತು ಕಾಲರಾದ ರೋಗಾಣುಗಳ ಮೇಲೆ ಕೆಲಸ ಮಾಡಿ ಹೆಸರಾದ ವಿಜ್ಞಾನಿ, ಇದನ್ನ ಕೂಲಂಕಷವಾಗಿ ನೋಡಿದರು. ಅವರಿಗೆ ಇನ್ನೊಂದು ವಿಷಯವೂ ಕಾಣಿಸಿತು. ಆಮೇಲಿನ ಚಳಿಗಾಲದಲ್ಲಿ ಹಿಮ ಕಟ್ಟಿ ಆಲ್ಟೋನಾದ ಮರಳು ಹಾಸುಗಳ ಕೆಲಸ ಕೆಟ್ಟಾಗ ಅಲ್ಲೂ ಕಾಲರಾ ಸಣ್ಣದಾಗಿ ತಲೆ ಎತ್ತಿತು. ಮರಳು ಇತ್ತು, ಆದರೆ ಅದು ಕೆಲಸ ಮಾಡುವ ಸ್ಥಿತಿ ಇರಲಿಲ್ಲ. ಹಾಗಾಗಿ ಕಾಖ್ ಒಂದು ಮಿತಿ ಹಾಕಿದರು: ಮರಳಿನ ಹಾಸಿನಲ್ಲಿ ನೀರು ಗಂಟೆಗೆ 100 ಮಿಲಿಮೀಟರಿಗಿಂತ ವೇಗವಾಗಿ ಇಳಿಯಬಾರದು. ಗಂಟೆಗೆ ಒಂದು ಗೇಣಿಗಿಂತಲೂ ಕಮ್ಮಿ. ಈ 'ನಿಧಾನ' ಅನ್ನೋ ಮಾತನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಒಂದು ತಮಾಷೆ ಏನಂದ್ರೆ, ಈ ಥರದ ಮರಳಿನ ಸೋಸುಗಳನ್ನ ಕಟ್ಟಲು ಶುರು ಮಾಡಿದಾಗ ರೋಗಾಣು ಅನ್ನೋ ವಿಚಾರವೇ ಯಾರಿಗೂ ಗೊತ್ತಿರಲಿಲ್ಲ. ಲಂಡನ್ನಿನ ಚೆಲ್ಸಿಯಾದಲ್ಲಿ ಜೇಮ್ಸ್ ಸಿಂಪ್ಸನ್ 1829ರಲ್ಲಿ ಕಟ್ಟಿದ್ದು ನೀರು ತಿಳಿಯಾಗಿ ಕಾಣಲಿ ಅಂತ. ಜೀವ ಉಳಿಸಿದ್ದು ಅದರ ಜೊತೆಗೆ ಬಂದ ಉಡುಗೊರೆ.

ಸರಿ, ಈಗ ಹೇಗೆ ಅನ್ನೋ ಪ್ರಶ್ನೆಗೆ ಬರೋಣ. ಮರಳಿನ ಸಂದಿಯಲ್ಲಿ ತೇಲ್ತಾ ಹೋಗ್ತಿರೋ ಒಂದು ಕಣ ಸಿಕ್ಕಿಬೀಳಬೇಕಾದರೆ ಎರಡು ಘಟನೆ ನಡೀಬೇಕು. ಮೊದಲು ಅದು ಮರಳಿನ ಕಾಳಿಗೆ ತಾಗಬೇಕು. ಆಮೇಲೆ ಅಂಟಿಕೊಳ್ಳಬೇಕು. ತಾಗೋದು ಒಂದು ಲೆಕ್ಕ, ಅಂಟೋದು ಇನ್ನೊಂದು ಲೆಕ್ಕ.

ತಾಗೋಕೆ ಮೂರು ದಾರಿ ಇದೆ. ಕಣ ತೀರಾ ಚಿಕ್ಕದಿದ್ದರೆ, ವೈರಸ್ ಥರ, ನೀರಿನ ಅಣುಗಳು ಅದನ್ನ ಆ ಕಡೆ ಈ ಕಡೆ ತಳ್ಳಾಡ್ತಾ ಇರುತ್ತವೆ. ಜಾತ್ರೆಯ ಜನಜಂಗುಳಿಯಲ್ಲಿ ಸಿಕ್ಕಿದ ಮಗು ಥರ, ಎಲ್ಲಿ ಬೇಕಾದರೂ ಹೋಗಿ ಬೀಳಬಹುದು. ಇದಕ್ಕೆ ಬ್ರೌನಿಯನ್ ಚಲನೆ ಅಂತಾರೆ. ರಾಬರ್ಟ್ ಬ್ರೌನ್ ಅನ್ನೋ ಸಸ್ಯಶಾಸ್ತ್ರಜ್ಞ 1827ರಲ್ಲಿ ಪರಾಗದ ಕಣಗಳನ್ನ ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಗಮನಿಸಿದ್ದು, ಹಾಗಾಗಿ ಆ ಹೆಸರು. ಎರಡನೆಯದು, ಕಣ ದೊಡ್ಡದಿದ್ದರೆ ತನ್ನ ಭಾರಕ್ಕೇ ಕೆಳಗಿಳಿದು ಮರಳ ಕಾಳಿನ ಮೇಲೆ ಕೂರುತ್ತೆ. ಮೂರನೆಯದು, ನೀರಿನ ಜೊತೆ ಹೋಗ್ತಾ ಹೋಗ್ತಾ ಕಾಳಿನ ಪಕ್ಕಕ್ಕೆ ಸವರಿಕೊಂಡು ಹೋಗೋದು.

ಈಗ ಇದರಲ್ಲಿ ಅಡಗಿರೋ ಒಂದು ವಿಚಿತ್ರ ನೋಡಿ. ತೀರಾ ಚಿಕ್ಕ ಕಣ ತಳ್ಳಾಟದಿಂದ ತಾಗುತ್ತೆ. ದೊಡ್ಡ ಕಣ ಭಾರದಿಂದ ತಾಗುತ್ತೆ. ನಡುವಿನ ಗಾತ್ರದ್ದು? ಅದನ್ನ ತಳ್ಳಾಡೋಕೆ ನೀರಿನ ಅಣುಗಳಿಗೆ ಶಕ್ತಿ ಸಾಲಲ್ಲ, ಕೆಳಗೆ ಬೀಳೋಕೆ ಅದಕ್ಕೆ ತೂಕ ಸಾಲಲ್ಲ. 1971ರಲ್ಲಿ ಯಾವ್, ಹಬೀಬಿಯನ್, ಒಮೆಲಿಯಾ ಅನ್ನೋ ಮೂವರು ಸಂಶೋಧಕರು ಇದರ ಲೆಕ್ಕ ಹಾಕಿ ತೋರಿಸಿದರು. ಮರಳಿನ ಕೈಗೆ ಅತಿ ಕಮ್ಮಿ ಸಿಗೋದು ಸುಮಾರು ಒಂದು ಮೈಕ್ರಾನ್ ಗಾತ್ರದ ಕಣಗಳು. ಒಂದು ಮೈಕ್ರಾನ್ ಅಂದ್ರೆ ಯಾವುದು ಹೇಳಿ? ಹೌದು, ಬ್ಯಾಕ್ಟೀರಿಯಾ. ಚಿಕ್ಕದಾದಷ್ಟೂ ತಪ್ಪಿಸಿಕೊಳ್ಳೋದು ಸುಲಭ ಅನ್ನೋ ನಮ್ಮ ಊಹೆ ಇಲ್ಲಿ ಕೆಲಸ ಮಾಡಲ್ಲ.

ತೂಕ ಎಷ್ಟು ಸಾಲಲ್ಲ ಅನ್ನೋಕೆ ಒಂದು ಅಂದಾಜು ಕೊಡ್ತೀನಿ. ಒಂದು ಮೈಕ್ರಾನ್ ಗಾತ್ರದ ಮಣ್ಣಿನ ಕಣ, ಅಲುಗಾಡದೆ ನಿಂತ ನೀರಿನಲ್ಲಿ, ಇಡೀ ದಿನಕ್ಕೆ ಇಳಿಯೋದು ಹೆಚ್ಚುಕಮ್ಮಿ 8 ಸೆಂಟಿಮೀಟರ್. ಮಳೆಗಾಲದಲ್ಲಿ ಕೆರೆಯ ಕೆಂಪು ನೀರನ್ನ ಕೊಡದಲ್ಲಿ ರಾತ್ರಿಯಿಡೀ ಇಟ್ಟರೂ ಬೆಳಿಗ್ಗೆ ಕೆಂಪಗೇ ಇರುತ್ತಲ್ಲ, ಅದಕ್ಕೆ ಇದೇ ಕಾರಣ. ಹೀಗೆ ಕರಗದೆ, ಮುಳುಗದೆ ನೀರಲ್ಲೇ ಉಳಿಯುವ ಕಣಗಳಿಗೆ ವಿಜ್ಞಾನದಲ್ಲಿ ಕೊಲಾಯ್ಡ್ ಅಂತಾರೆ, ನಮ್ಮ ಪಠ್ಯದ ಭಾಷೆಯಲ್ಲಿ ಕಲಿಲ.

ಇನ್ನು ಅಂಟೋ ವಿಷಯ. ನನಗೆ ಕೇಳಿದರೆ ಇಡೀ ಕತೆಯ ಹೃದಯ ಇಲ್ಲೇ ಇದೆ.

ಮರಳಿನ ಮೈಮೇಲೆ, ಸಾಮಾನ್ಯ ನೀರಿನಲ್ಲಿ, ಋಣ ವಿದ್ಯುದಂಶ ಇರುತ್ತೆ. ಅಂದ್ರೆ ಮೈನಸ್. ಜೇಡಿಮಣ್ಣಿನ ಕಣಕ್ಕೂ ಮೈನಸ್. ಬಹುತೇಕ ಬ್ಯಾಕ್ಟೀರಿಯಾ, ವೈರಸ್ಸುಗಳಿಗೂ ಮೈನಸ್. ಮೈನಸ್ಸಿಗೂ ಮೈನಸ್ಸಿಗೂ ಆಗಿಬರಲ್ಲ, ದೂರ ತಳ್ತವೆ. ಹಾಗಿದ್ದ ಮೇಲೆ ಅಂಟೋದು ಹೇಗೆ? ತೀರಾ ಹತ್ತಿರ ಬಂದರೆ ಇನ್ನೊಂದು ಸೆಳೆತ ಇದೆ, ಎಲ್ಲ ವಸ್ತುಗಳ ನಡುವೆಯೂ ಇರೋದು. ವಾಂಡರ್ ವಾಲ್ಸ್ ಬಲ ಅಂತ ಪಿಯುಸಿಯಲ್ಲಿ ಓದಿರ್ತೀರಿ. ತಳ್ಳುವಿಕೆಯ ಬೇಲಿ ದಾಟಿ ಒಳಗೆ ಬಂದರೆ ಈ ಸೆಳೆತ ಹಿಡಿದುಕೊಳ್ಳುತ್ತೆ. ಬೇಲಿ ಎಷ್ಟು ದೂರದವರೆಗೆ ಹಬ್ಬಿದೆ ಅನ್ನೋದೇ ಪ್ರಶ್ನೆ.

ಅದನ್ನ ತೀರ್ಮಾನ ಮಾಡೋದು ನೀರಲ್ಲಿರೋ ಉಪ್ಪು. ಉಪ್ಪು ಅಂದ್ರೆ ಅಡುಗೆ ಉಪ್ಪು ಒಂದೇ ಅಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ, ನೀರನ್ನ 'ಗಡಸು' ಮಾಡುವ ಎಲ್ಲ ಲವಣಗಳೂ ಸೇರಿ. ಲವಣ ಜಾಸ್ತಿ ಇದ್ದರೆ ಬೇಲಿ ಕುಗ್ಗುತ್ತೆ, ಕಣ ಹತ್ತಿರ ಬರುತ್ತೆ, ಅಂಟುತ್ತೆ. ಲವಣ ಕಮ್ಮಿಯಾದರೆ ಬೇಲಿ ಮತ್ತೆ ಹರಡುತ್ತೆ. ಸೋವಿಯತ್ ಒಕ್ಕೂಟದ ದೆರ್ಯಾಗಿನ್ ಮತ್ತು ಲಂಡಾವ್ 1941ರಲ್ಲಿ, ನೆದರ್ಲೆಂಡ್ಸಿನ ಫೆರ್ವೇ ಮತ್ತು ಓವರ್‌ಬೇಕ್ 1948ರಲ್ಲಿ ಈ ಲೆಕ್ಕವನ್ನ ಬಿಡಿಸಿಟ್ಟರು. ನದಿ ಸಮುದ್ರ ಸೇರುವ ಅಳಿವೆಯಲ್ಲಿ ಮಣ್ಣು ಒಟ್ಟುಗೂಡಿ ತಳ ಸೇರೋದಕ್ಕೂ ಇದು ಒಂದು ಕಾರಣ. ಉಪ್ಪುನೀರು ತಾಗಿದ ಕೂಡಲೇ ಜೇಡಿ ಕಣಗಳು ಒಂದಕ್ಕೊಂದು ಅಂಟಿಕೊಳ್ತವೆ.

ನಮ್ಮ ಅಜ್ಜಿಯಂದಿರು ಇದನ್ನ ಸೂತ್ರ ಇಲ್ಲದೆಯೇ ಮಾಡ್ತಿದ್ದರು. ಕದಡಿದ ನೀರಿಗೆ ಪಟಿಕ ತಿರುಗಿಸೋದು ಅಂದ್ರೆ ಏನು? ಪಟಿಕದಲ್ಲಿರೋ ಅಲ್ಯೂಮಿನಿಯಂ ಧನ ಅಂಶದ್ದು, ಪ್ಲಸ್. ಮೈನಸ್ ಕಣಗಳ ಜಗಳವನ್ನ ಅದು ಬಿಡಿಸಿ ಒಟ್ಟುಗೂಡಿಸುತ್ತೆ. ನುಗ್ಗೆ ಬೀಜದ ಪುಡಿ ಹಾಕಿದರೂ ಅಷ್ಟೇ. ಅದರಲ್ಲಿರೋ ಪ್ರೋಟೀನಿಗೂ ಪ್ಲಸ್ ಅಂಶ ಇದೆ. ನಮ್ಮ ಕೆಂಪು ಮಣ್ಣಿನ ವಿಷಯದಲ್ಲೂ ಇದೇ ನ್ಯಾಯ. ಅದರ ಕೆಂಪು ಕಬ್ಬಿಣದ ಆಕ್ಸೈಡಿನದ್ದು, ಕಬ್ಬಿಣದ ಆಕ್ಸೈಡ್ ಸಾಮಾನ್ಯ ನೀರಿನಲ್ಲಿ ಪ್ಲಸ್ ಕಡೆಗೆ ವಾಲುತ್ತೆ. ಹಾಗಾಗಿ ಬಿಳಿ ಮರಳಿಗಿಂತ ಕಬ್ಬಿಣ ಲೇಪಿಸಿಕೊಂಡ ಕೆಂಪು ಮಣ್ಣು ವೈರಸ್ಸನ್ನ ಚೆನ್ನಾಗಿ ಹಿಡಿದುಕೊಳ್ಳುತ್ತೆ.

ಈಗ ಅಪಾಯದ ಜಾಗಕ್ಕೆ ಬಂದ್ವಿ. ಬೇಸಗೆ ಪೂರ್ತಿ ಮಣ್ಣಿನೊಳಗಿನ ನೀರಲ್ಲಿ ಲವಣ ಗಟ್ಟಿಯಾಗಿರುತ್ತೆ, ಕಣಗಳು ಅಂಟಿಕೊಂಡು ಕೂತಿರ್ತವೆ. ಜೂನ್ ತಿಂಗಳು, ಮಳೆ ಬಂತು. ಮಳೆ ನೀರಿನಲ್ಲಿ ಲವಣ ತೀರಾ ಕಮ್ಮಿ. ಅದು ಮಣ್ಣಿಗೆ ಇಳಿದ ಕೂಡಲೇ ಬೇಲಿಗಳು ಹರಡ್ತವೆ, ಸಡಿಲವಾಗಿ ಅಂಟಿಕೊಂಡಿದ್ದ ಕಣಗಳು ಕೈಬಿಟ್ಟು ನೀರಿನ ಜೊತೆ ಹೊರಡ್ತವೆ. ಪ್ರಯೋಗಾಲಯದಲ್ಲಿ ಇದನ್ನ ಬೇಕಾದಷ್ಟು ಸಲ ಮಾಡಿ ನೋಡಿದಾರೆ. ಗಾಜಿನ ಕೊಳವೆಗೆ ಮರಳು ತುಂಬ್ತಾರೆ, ಉಪ್ಪು ಬೆರೆತ ನೀರಿನ ಜೊತೆ ಕಣಗಳನ್ನ ಬಿಡ್ತಾರೆ, ಮರಳು ಹಿಡಿದುಕೊಳ್ಳುತ್ತೆ. ಆಮೇಲೆ ಲವಣವಿಲ್ಲದ ಶುದ್ಧ ನೀರು ಹಾಯಿಸ್ತಾರೆ. ಹಿಡಿದಿದ್ದ ಕಣಗಳಲ್ಲಿ ಒಂದಷ್ಟು ಒಮ್ಮೆಗೇ ಇನ್ನೊಂದು ತುದಿಯಿಂದ ಹೊರಗೆ ಬರ್ತವೆ. ಮೊದಲ ಮಳೆ ಆದ ಮೇಲೆ ಬಾವಿ ನೀರು ಕುಡಿದು ಊರಲ್ಲಿ ಹೊಟ್ಟೆನೋವು, ಭೇದಿ ಶುರುವಾಗೋದಕ್ಕೆ ಮೇಲಿನಿಂದ ಹರಿದುಬರುವ ಕೊಳೆ ದೊಡ್ಡ ಕಾರಣ, ನಿಜ. ಆದರೆ ಮಣ್ಣು ತಾನೇ ಕೂಡಿಟ್ಟುಕೊಂಡದ್ದನ್ನ ಬಿಡೋದೂ ಅದರ ಜೊತೆಗೆ ಸೇರುತ್ತೆ.

ಇನ್ನೊಂದು ಮಾತು, ವೇಗದ ಬಗ್ಗೆ. ನೀರು ಸಂದಿಯಲ್ಲಿ ಹರಿಯುವಾಗ ಗೋಡೆಯ ಹತ್ತಿರ ನಿಧಾನ, ನಡುವೆ ಜೋರು. ಕರಗಿದ ಉಪ್ಪು ಗೋಡೆಯ ಪಕ್ಕದ ನಿಧಾನದ ನೀರಿಗೂ ಹೋಗಿಬರುತ್ತೆ, ಪೇಟೆ ಬೀದಿಯಲ್ಲಿ ಅಂಗಡಿ ಅಂಗಡಿಗೂ ನಿಂತು ಹೋಗುವವರ ಹಾಗೆ. ಕಣಕ್ಕೆ ಮೈ ಇದೆ, ಗೋಡೆಗೆ ಅಷ್ಟು ಹತ್ತಿರ ಹೋಗೋಕಾಗಲ್ಲ, ನಡುರಸ್ತೆಯಲ್ಲೇ ಸಾಗುತ್ತೆ. ಹಾಗಾಗಿ ಅಂಟದೆ ಉಳಿದ ಕಣ, ಅದೇ ನೀರಿನಲ್ಲಿ ಕರಗಿದ ಉಪ್ಪಿಗಿಂತ ಮುಂಚೆಯೇ ಊರು ಸೇರಬಹುದು.

ಇಷ್ಟು ಹೊತ್ತೂ ನಾನು ಒಂದೇ ಸಮ ಇರುವ ಮರಳಿನ ಬಗ್ಗೆ ಮಾತಾಡ್ತಿದ್ದೆ. ನಿಜವಾದ ನೆಲ ಹಾಗಿರಲ್ಲ. ಎರೆಹುಳದ ಬಿಲ, ಕೊಳೆತ ಬೇರಿನ ತೂತು, ಬಂಡೆಯ ಸೀಳು. ಉತ್ತರ ಕರ್ನಾಟಕದ ಎರೆ ಭೂಮಿ ಏಪ್ರಿಲ್–ಮೇನಲ್ಲಿ ನೋಡಿ, ಕೈ ಇಳಿಯುವಷ್ಟು ಬಿರುಕು ಬಿಟ್ಟಿರುತ್ತೆ. ಆ ಬಿರುಕಿಗೆ ಬಿದ್ದ ಮೊದಲ ಮಳೆಯ ನೀರು ಮಣ್ಣಿನ ಕಣಕಣವನ್ನ ಸವರಿಕೊಂಡು ಹೋಗೋದೇ ಇಲ್ಲ, ಸೀದಾ ಕೆಳಗಿಳಿಯುತ್ತೆ. ತಾಗೋ ಪ್ರಶ್ನೆಯೂ ಇಲ್ಲ, ಅಂಟೋ ಪ್ರಶ್ನೆಯೂ ಇಲ್ಲ.

ಹೀಗಾದರೆ ಏನಾಗುತ್ತೆ ಅನ್ನೋದಕ್ಕೆ ಕೆನಡಾದ ವಾಕರ್ಟನ್ ಅನ್ನೋ ಪಟ್ಟಣ ಒಂದು ಕಹಿ ಉದಾಹರಣೆ. ಒಂಟಾರಿಯೊ ಪ್ರಾಂತ್ಯ, ಜನ ಐದು ಸಾವಿರದೊಳಗೆ. 2000ನೇ ಇಸವಿಯ ಮೇ ತಿಂಗಳಲ್ಲಿ ಜೋರು ಮಳೆ. ಊರಿಗೆ ನೀರು ಕೊಡ್ತಿದ್ದ 5ನೇ ನಂಬರಿನ ಬಾವಿ ಆಳ ಕಮ್ಮಿಯದ್ದು. ಪಕ್ಕದಲ್ಲೇ ಒಂದು ಹೊಲ, ಅಲ್ಲಿ ಎಂದಿನಂತೆ ದನದ ಗೊಬ್ಬರ ಹಾಕಿದ್ದರು. ಮೇಲೆ ತೆಳ್ಳನೆಯ ಮಣ್ಣು, ಕೆಳಗೆ ಸೀಳು ಸೀಳಾದ ಸುಣ್ಣಕಲ್ಲು. ಗೊಬ್ಬರದಲ್ಲಿದ್ದ ಇ. ಕೋಲೈ ಓ157 ಅನ್ನೋ ಅಪಾಯಕಾರಿ ತಳಿ ಆ ಸೀಳುಗಳ ಮೂಲಕ ಬಾವಿಗೆ ಬಂತು. ನೀರಿಗೆ ಸರಿಯಾಗಿ ಕ್ಲೋರಿನ್ ಹಾಕಿದ್ದರೆ ಅಲ್ಲೇ ಸಾಯ್ತಿತ್ತು. ಹಾಕಿರಲಿಲ್ಲ. ಹಾಕಿದ್ದೀವಿ ಅಂತ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಏಳು ಜನ ಸತ್ತರು, 2,300ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ವಿಚಾರಣೆ ನಡೆಸಿದ ನ್ಯಾಯಮೂರ್ತಿ ಡೆನಿಸ್ ಓಕಾನರ್ ಹೊಲದವರ ಮೇಲೆ ತಪ್ಪು ಹೊರಿಸಲಿಲ್ಲ. ಅವರು ಎಲ್ಲ ರೈತರ ಹಾಗೆ ನಿಯಮ ಪ್ರಕಾರವೇ ಗೊಬ್ಬರ ಹಾಕಿದ್ದರು. ಅಲ್ಲಿ ಮಣ್ಣಿನ ಮೇಲೆ ಇಟ್ಟ ನಂಬಿಕೆ ಹೆಚ್ಚಾಯ್ತು, ಮನುಷ್ಯರ ಎಚ್ಚರ ಕಮ್ಮಿಯಾಯ್ತು.

ಕೆನಡಾದ ಕತೆ ನಮಗ್ಯಾಕೆ ಅಂದ್ರೆ, ಕರ್ನಾಟಕದ ಬಹುಭಾಗ ಗಟ್ಟಿ ಬಂಡೆಯ ಮೇಲಿದೆ. ನಮ್ಮ ಬೋರ್‌ವೆಲ್ಲುಗಳಿಗೆ ನೀರು ಸಿಗೋದು ಬಂಡೆಯ ಸೀಳಿನಲ್ಲೇ. ಎಂಟುನೂರು, ಸಾವಿರ ಅಡಿ ಆಳದಿಂದ ಬಂದ ನೀರು ಅಷ್ಟೂ ಮಣ್ಣು ದಾಟಿ ಬಂದಿದೆ ಅಂತ ಅಂದ್ಕೊಂಡರೆ ತಪ್ಪು. ಮಣ್ಣು ಇರೋದು ಮೇಲಿನ ಕೆಲವು ಅಡಿ, ಆಮೇಲೆ ಶಿಥಿಲ ಬಂಡೆ, ಆಮೇಲೆ ಸೀಳು. ಆಳ ಅನ್ನೋದು ಸೋಸಿದ ದಾರಿಯ ಅಳತೆ ಅಲ್ಲ.

ಹೀಗೆ ಓಡಾಡೋದು ರೋಗಾಣು ಮಾತ್ರ ಅಲ್ಲ. ಅಮೆರಿಕದ ನೆವಾಡಾ ಮರುಭೂಮಿಯಲ್ಲಿ 1968ರ ಡಿಸೆಂಬರಿನಲ್ಲಿ 'ಬೆನ್‌ಹ್ಯಾಮ್' ಹೆಸರಿನ ಅಣುಬಾಂಬನ್ನ ನೆಲದಡಿ ಸಿಡಿಸಿ ಪರೀಕ್ಷೆ ಮಾಡಿದರು. ಅದರ ಪ್ಲುಟೋನಿಯಂ ನೀರಲ್ಲಿ ಸುಲಭವಾಗಿ ಕರಗಲ್ಲ, ಕಲ್ಲಿಗೆ ಅಂಟಿಕೊಂಡು ಅಲ್ಲೇ ಕೂರುತ್ತೆ ಅನ್ನೋದು ಆಗಿನ ನಂಬಿಕೆ. ಮೂವತ್ತು ವರ್ಷ ಆದ ಮೇಲೆ 1.3 ಕಿಲೋಮೀಟರ್ ದೂರದ ಬಾವಿಯ ನೀರಲ್ಲಿ ಅದು ಸಿಕ್ಕಿತು. ಅತಿ ಕಮ್ಮಿ ಪ್ರಮಾಣ, ಆದರೆ ಅದೇ ಬಾಂಬಿನದ್ದು ಅಂತ ಗುರುತು ಹಿಡಿಯುವ ಹಾಗೆ. ಆನಿ ಕರ್ಸ್ಟಿಂಗ್ ಮತ್ತು ಸಂಗಡಿಗರು 1999ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದನ್ನ ಪ್ರಕಟಿಸಿದರು. ಪ್ಲುಟೋನಿಯಂ ಕರಗಿ ಬಂದಿರಲಿಲ್ಲ. ಜೇಡಿ ಮತ್ತು ಇತರ ಖನಿಜಗಳ ಅತಿ ಸೂಕ್ಷ್ಮ ಕಣಗಳಿಗೆ ಅಂಟಿಕೊಂಡು ಬಂದಿತ್ತು. ಬಂಡೆಗೆ ಅಂಟಿತು ಅಂತ ಅಂದ್ಕೊಂಡರು, ಅದು ಅಂಟಿದ್ದು ಓಡಾಡೋ ವಾಹನಕ್ಕೆ! ಹೊಲಕ್ಕೆ ಹಾಕಿದ ರಂಜಕ, ಮಣ್ಣಿಗೆ ಗಟ್ಟಿಯಾಗಿ ಅಂಟುವ ಕೆಲವು ಕೀಟನಾಶಕಗಳು ಕೂಡ ಇದೇ ಥರ ಕಣದ ಬೆನ್ನೇರಿ ಹೋಗಬಲ್ಲವು.

ಸರಿ, ಮನೆ ಅಂಗಳಕ್ಕೆ ಬರೋಣ. ಶೌಚಾಲಯದ ಗುಂಡಿ ಮತ್ತು ಬಾವಿ. ನಮ್ಮಲ್ಲಿ ಜೋಡಿ ಗುಂಡಿಯ ಶೌಚಾಲಯಕ್ಕೆ ಸರ್ಕಾರದ ತಾಂತ್ರಿಕ ಕೈಪಿಡಿಯ ಸೂಚನೆ ಏನು ಗೊತ್ತಾ? ಗುಂಡಿಯ ತಳಕ್ಕೂ ಅಂತರ್ಜಲದ ಗರಿಷ್ಠ ಮಟ್ಟಕ್ಕೂ ನಡುವೆ 2 ಮೀಟರ್ ಇದ್ದು, ಮಣ್ಣು ನುಣ್ಣಗಿದ್ದರೆ ಬಾವಿಗೆ 3 ಮೀಟರ್ ಅಂತರ ಸಾಕು. ಆ 2 ಮೀಟರ್ ಇಲ್ಲದಿದ್ದರೆ 10 ಮೀಟರ್ ಬೇಕು. ಮಣ್ಣು ಒರಟಾಗಿದ್ದರೆ ತಳ ಮುಚ್ಚಿ, ಗುಂಡಿಯ ಸುತ್ತ 50 ಸೆಂಟಿಮೀಟರ್ ದಪ್ಪಕ್ಕೆ ನುಣ್ಣನೆಯ ಮರಳು ತುಂಬಬೇಕು. ಇಷ್ಟು ಹೊತ್ತು ಕೇಳಿದ ನಿಮಗೆ ಇದರ ಹಿಂದಿನ ತರ್ಕ ಕಾಣುತ್ತೆ. ನೀರು ತುಂಬದ ಮಣ್ಣಿನಲ್ಲಿ ಸಂದಿಗಳ ತುಂಬಾ ಗಾಳಿ ಇರುತ್ತೆ, ನೀರು ಕಾಳುಗಳ ಮೇಲೆ ತೆಳ್ಳನೆಯ ಪದರವಾಗಿ, ನಿಧಾನಕ್ಕೆ ತೆವಳಿ ಹೋಗುತ್ತೆ. ಕಣಕ್ಕೆ ತಾಗದೆ ಬೇರೆ ದಾರಿ ಇಲ್ಲ. ಅದೇ ಮಣ್ಣು ನೀರಲ್ಲಿ ಮುಳುಗಿದರೆ ಸಂದಿ ಪೂರ್ತಿ ತೆರೆದ ಹಾದಿ. ಅದಕ್ಕೇ ಬೇಸಗೆಯಲ್ಲಿ ಸುರಕ್ಷಿತವಾಗಿದ್ದ ಬಾವಿ, ಅಂತರ್ಜಲ ಮೇಲೆ ಬಂದ ಆಗಸ್ಟಿನಲ್ಲಿ ಹಾಗೇ ಇರಬೇಕು ಅಂತಿಲ್ಲ. ಮತ್ತೆ, ಈ ಮೀಟರ್ ಲೆಕ್ಕ ಎಲ್ಲ ಮಣ್ಣಿಗೆ ಹೇಳಿದ್ದು. ಗುಂಡಿ ತೋಡುವಾಗಲೇ ಸೀಳಿರೋ ಬಂಡೆ ಸಿಕ್ಕಿದರೆ ಈ ಅಂತರ ನಂಬಿಕೊಂಡು ಕೂರೋ ಹಾಗಿಲ್ಲ. ಯುರೋಪಿನ ಹಲವು ಕಡೆ ಇದನ್ನ ದೂರದಲ್ಲಿ ಅಳೆಯದೆ ದಿನದಲ್ಲಿ ಅಳೀತಾರೆ: ಬಾವಿ ಸೇರುವ ಮೊದಲು ನೀರು ನೆಲದೊಳಗೆ 50 ದಿನ ಕಳೆದಿರಬೇಕು. ನನಗೆ ಈ ಯೋಚನೆ ಹೆಚ್ಚು ಸರಿ ಅನ್ನಿಸುತ್ತೆ.

ಬೋರ್‌ವೆಲ್ ಮರುಪೂರಣದ ಬಗ್ಗೆ ಒಂದು ಮಾತು ಹೇಳಲೇಬೇಕು, ಕೆಲವರಿಗೆ ಇಷ್ಟ ಆಗದೇ ಇರಬಹುದು. ಕೇಸಿಂಗ್ ಪೈಪಿಗೆ ತೂತು ಕೊರೆದು, ಜಾಲರಿ ಸುತ್ತಿ, ಸುತ್ತ ದಪ್ಪ ಕಲ್ಲು, ಜಲ್ಲಿ, ಮರಳು ತುಂಬಿ ಹೊಲದ ಮಳೆ ನೀರನ್ನ ಒಳಗೆ ಇಳಿಸೋದು ಈಗ ಸಾಮಾನ್ಯ. ಒಣಗಿದ ಬೋರಿಗೆ ಮತ್ತೆ ನೀರು ಬಂದದ್ದನ್ನ ಕಂಡವರಿದ್ದಾರೆ. ನೀರಾವರಿಗೆ ಒಳ್ಳೇದೇ. ಆದರೆ ಆ ಜಲ್ಲಿಯ ಸಂದಿ ಮಿಲಿಮೀಟರುಗಟ್ಟಲೆ, ನೀರು ಇಳಿಯೋದು ರಭಸವಾಗಿ. ಕಾಖ್ ಹೇಳಿದ ಗಂಟೆಗೆ 100 ಮಿಲಿಮೀಟರ್ ಎಲ್ಲಿ, ಇದೆಲ್ಲಿ! ಅದು ಕಸ ತಡೆಯುತ್ತೆ, ರೋಗಾಣು ತಡೆಯಲ್ಲ. ಮೇಲಿನ ಮಣ್ಣು ಮಾಡಬೇಕಾದ ಕೆಲಸವನ್ನ ನಾವೇ ಪೈಪು ಹಾಕಿ ತಪ್ಪಿಸಿದ ಹಾಗೆ. ಅದೇ ಬೋರಿನ ನೀರು ಕುಡಿಯೋದಾದರೆ ಹೊಲದ, ಕೊಟ್ಟಿಗೆಯ ನೀರು ಬೇಡ, ಚಾವಣಿಯ ನೀರನ್ನ ಮಾತ್ರ ಬಿಡಿ. ಬಿಟ್ಟ ಮೇಲೂ ಪರೀಕ್ಷೆ ಮಾಡಿಸಿ.

ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನ 2018ರಿಂದ ಕೋಲಾರದ ಕೆರೆಗಳಿಗೆ ತುಂಬುವ ಕೆ.ಸಿ. ವ್ಯಾಲಿ ಯೋಜನೆ ಬಗ್ಗೆ ನಡೆದ ಚರ್ಚೆಯಲ್ಲೂ ಒಳಗೆ ಇದ್ದದ್ದು ಇದೇ ಪ್ರಶ್ನೆ. ಎರಡು ಹಂತ ಶುದ್ಧ ಮಾಡಿದ ನೀರಿಗೆ ಮೂರನೇ ಹಂತದ ಕೆಲಸವನ್ನ ಕೆರೆಯ ತಳದ ಮಣ್ಣು ಮಾಡಿಬಿಡುತ್ತಾ, ಇಲ್ವಾ? ಉತ್ತರ ಕೆರೆಯಿಂದ ಕೆರೆಗೆ ಬೇರೆ. ದಪ್ಪ ಹೂಳು ಇರುವ ತಳ ಒಂದು ಥರ, ಹೂಳು ತೆಗೆದು ಬಂಡೆ ಕಾಣೋ ತಳ ಇನ್ನೊಂದು ಥರ. ಕುಡಿಯೋ ಬಾವಿಗಳ ನೀರನ್ನ ಬಿಡದೆ ಪರೀಕ್ಷೆ ಮಾಡಿ ಫಲಿತಾಂಶವನ್ನ ಆ ಊರಿನವರ ಮುಂದಿಡೋದು ಇಲ್ಲಿ ಯಾವ ವಾದಕ್ಕಿಂತಲೂ ಮುಖ್ಯ.

ಹೊಳೆ ಬತ್ತಿದಾಗ ಮರಳಲ್ಲಿ ಒರತೆ ತೋಡಿ, ಚಿಪ್ಪಿನಲ್ಲಿ ಬಗ್ಗಿಸಿ ಕೊಡ ತುಂಬೋದನ್ನ ನಿಮ್ಮ ಮನೆಯ ಹಿರಿಯರು ಮಾಡಿರಬಹುದು. ಆ ನೀರು ಚೆನ್ನಾಗಿರ್ತಿತ್ತು ಅನ್ನೋದು ಬರೀ ನೆನಪಿನ ಸಿಹಿ ಅಲ್ಲ. ದಪ್ಪ ಮರಳು, ನಿಧಾನದ ಒಸರು. ಆಲ್ಟೋನಾದ ತತ್ವವೇ. ಜರ್ಮನಿಯ ಡ್ಯೂಸೆಲ್ಡಾರ್ಫ್ 1870ರಿಂದ ರೈನ್ ನದಿಯ ದಂಡೆಯ ಬಾವಿಗಳಿಂದ ಹೀಗೇ ನೀರು ತೆಗೀತಿದೆ, ನಮ್ಮ ಹರಿದ್ವಾರದಲ್ಲೂ ಗಂಗೆಯ ದಂಡೆಯಲ್ಲಿ ಇಂಥ ಬಾವಿಗಳಿವೆ. ಆದರೆ ಇದಕ್ಕೆ ಹೊಳೆಯಲ್ಲಿ ಮರಳು ಇರಬೇಕಲ್ಲ. ಲಾರಿಗಟ್ಟಲೆ ಮರಳು ಹೋದ ಹೊಳೆಯಲ್ಲಿ ಹೋದದ್ದು ಕಟ್ಟಡದ ಸಾಮಗ್ರಿ ಮಾತ್ರ ಅಲ್ಲ, ಊರಿನ ನೀರಿನ ಸೋಸುವಿಕೆ ಕೂಡ.

ಕೊನೆಗೆ, ನಿಮ್ಮ ನೀರಿನ ಬಗ್ಗೆ. ಫಿಲ್ಟರ್ ಮಾರೋಕೆ ಬಂದವರು ಪೆನ್ನಿನಂಥ ಮೀಟರನ್ನ ಲೋಟಕ್ಕೆ ಅದ್ದಿ "ನೋಡಿ ಸಾರ್, ಟಿ.ಡಿ.ಎಸ್. ಇಷ್ಟು" ಅಂತಾರಲ್ಲ, ಆ ಮೀಟರ್ ಅಳೆಯೋದು ಕರಗಿದ ಲವಣವನ್ನ ಮಾತ್ರ. ರೋಗಾಣು ಎಷ್ಟಿದ್ದರೂ ಅದಕ್ಕೆ ಕಾಣಲ್ಲ. ಕಮ್ಮಿ ಟಿ.ಡಿ.ಎಸ್. ಅಂದ್ರೆ ರೋಗಾಣು ಇಲ್ಲ ಅಂತ ಅರ್ಥ ಅಲ್ಲವೇ ಅಲ್ಲ. ಲ್ಯಾಬಿಗೆ ನೀರು ಕೊಡುವಾಗ 'ಕೋಲಿಫಾರ್ಮ್ ಮತ್ತು ಇ. ಕೋಲೈ ಪರೀಕ್ಷೆ' ಅಂತ ಬಾಯಿಬಿಟ್ಟು ಕೇಳಿ. ಹಳ್ಳಿಗಳಲ್ಲಿ ಬಳಸುವ ಎಚ್2ಎಸ್ ಬಾಟಲಿಯೂ ಇದೆ. ನೀರು ತುಂಬಿ ಒಂದೆರಡು ದಿನ ಇಟ್ಟಾಗ ಕಪ್ಪಾದರೆ ಮಲದ ಅಂಶ ಸೇರಿರುವ ಅನುಮಾನ. ಪರೀಕ್ಷೆ ಮಾಡಿಸೋದಾದರೆ ಬೇಸಗೆಯಲ್ಲಿ ಒಂದು ಸಲ, ಮಳೆ ಶುರುವಾದ ಒಂದು ವಾರದೊಳಗೆ ಇನ್ನೊಂದು ಸಲ. ಎರಡನೆಯದೇ ಮುಖ್ಯ. ಬೋರಿನ ಕೇಸಿಂಗ್ ಪೈಪಿನ ಸುತ್ತ ಸಂದಿ ಬಿಟ್ಟಿದ್ದರೆ, ನೀರು ಅಲ್ಲೇ ನಿಲ್ತಿದ್ದರೆ, ಸಿಮೆಂಟು ಹಾಕಿ ಮುಚ್ಚಿಸಿ, ಕಟ್ಟೆ ಕಟ್ಟಿಸಿ. ಇದ್ಯಾವುದೂ ಆಗದಿದ್ದರೆ ಮಳೆಗಾಲದಲ್ಲಿ ನೀರನ್ನ ಕೊತಕೊತ ಕುದಿಸಿ, ಮುಚ್ಚಿಟ್ಟು ಆರಿಸಿ ಕುಡೀರಿ. ಬ್ಯಾಕ್ಟೀರಿಯಾ, ವೈರಸ್ ಎರಡಕ್ಕೂ ಅಷ್ಟು ಸಾಕು.

ಈ ಸಂಚಿಕೆಯನ್ನ ಊರಲ್ಲಿ ಬಾವಿ ಇರೋರ ವಾಟ್ಸ್ಯಾಪಿಗೆ ಕಳಿಸಿ. ಮುಂದಿನ ವಾರ ಸಿಗೋಣ.